ಹೊಸ ಕಾರೋ, ಹಳೇ ಕಾರೋ? – ಬೇಸಿಗೆಯಲ್ಲಿ ನೋಡಿ ಕೊಳ್ಳುವ ವಿಚಾರ



ಕಾಫಿ ಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಗೊಬ್ಬರದ ಲೆಕ್ಕ ಮುಗಿಸಿ ಎದ್ದ ಮೇಲೆ ಬಾಗಿಲ ಹತ್ತಿರ ತಿರುಗಿ ನಿಂತು ಕೇಳುವ ಪ್ರಶ್ನೆ ಒಂದಿದೆ: "ಸೆಕ್ರೆಟರಿಯವರೇ, ಒಂದು ಕಾರು ತಗೊಳ್ಳೋಣ ಅಂತಿದ್ದೀನಿ. ಹೊಸದೇ ತಗೊಳ್ಳಲೋ, ಸೆಕೆಂಡ್ ಹ್ಯಾಂಡ್ ನೋಡಲೋ?" 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲಂತೂ ಈ ಪ್ರಶ್ನೆ ಹೆಚ್ಚಾಗಿದೆ. ನಿಂತ ಕಾಲಲ್ಲಿ ಉತ್ತರ ಹೇಳಿ ಕಳಿಸುವಂಥದ್ದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಒಂದು ಹೊಸ ಗಾಡಿ, ಮೂರು ಹಳೇ ಗಾಡಿ ಕೊಂಡವನು. ಅವುಗಳಲ್ಲಿ ಒಂದರಿಂದ ಕಷ್ಟದ ಪಾಠ ಕಲಿತವನು. ಆ ಕಥೆ ಮುಂದೆ ಬರುತ್ತದೆ.

ಮೊದಲು ಹಣದ ಮಾತು. ನಮ್ಮ ತಂದೆಯವರ ಕಾಲದಲ್ಲಿ ಅಂಬಾಸಡರ್‌ಗೋ ಫಿಯಟ್‌ಗೋ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊಸ ಗಾಡಿಯನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದವರೂ ಇದ್ದರು. ಆ ಕಾಲ ಹೋಯಿತು. ಈಗ ಹೊಸ ಗಾಡಿ ಅಂಗಡಿಯಿಂದ ರಸ್ತೆಗೆ ಇಳಿದ ಕ್ಷಣದಿಂದ ಬೆಲೆ ಇಳಿಯುತ್ತದೆ. ಎಷ್ಟು ಎಂಬುದಕ್ಕೆ ವಿಮೆಯವರ ಪಟ್ಟಿಯನ್ನೇ ನೋಡಿ: ವರ್ಷ ತುಂಬುವುದರೊಳಗೆ ಶೇ. 15, ಎರಡನೇ ವರ್ಷದಲ್ಲಿ ಶೇ. 20, ಮೂರನೆಯದರಲ್ಲಿ 30, ನಾಲ್ಕರಲ್ಲಿ 40, ಐದರಲ್ಲಿ 50 ಎಂದು ಸವಕಳಿ ಕಳೆದು ಗಾಡಿಯ ಬೆಲೆ ಕಟ್ಟುತ್ತಾರೆ. ಇದರ ಜೊತೆಗೆ ಹೊಸದಕ್ಕೆ ಕಟ್ಟಿದ ರಸ್ತೆ ತೆರಿಗೆ ಇದೆ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಅದು ಶೇ. 14, ಮೇಲೆ ಸೆಸ್. ಮಾರುವಾಗ ಆ ದುಡ್ಡನ್ನು ಯಾರೂ ಲೆಕ್ಕ ಹಾಕಿ ಕೊಡುವುದಿಲ್ಲ. ನಾಲ್ಕೈದು ವರ್ಷದ ಗಾಡಿ ಕೊಳ್ಳುವವನಿಗೆ ಈ ನಷ್ಟವನ್ನೆಲ್ಲ ಮೊದಲಿನ ಧಣಿ ಹೊತ್ತಿರುತ್ತಾನೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಹೊಸದರ ಬೆಲೆ ತಗ್ಗಿತು. ಹಳೇದಕ್ಕೆ ಅದಕ್ಕಿಂತ ಹಿಂದಿನ ಧಾರಣೆಯನ್ನೇ ಹೇಳುವ ದಲ್ಲಾಳಿಗಳಿಗೆ ಈ ವಿಷಯ ನೆನಪಿಸಬೇಕು.

ಸಾಲ ಮಾಡಿ ಹೊಸದು ಕೊಳ್ಳುವವರು ಇನ್ನೊಂದು ಲೆಕ್ಕ ಹಾಕಬೇಕು. 6 ಲಕ್ಷ ರೂಪಾಯಿ, ಶೇ. 9 ಬಡ್ಡಿ, 60 ಕಂತು ಎಂದರೆ ತಿಂಗಳಿಗೆ ಸುಮಾರು 12,450 ರೂಪಾಯಿ. ಕೊನೆಗೆ ಕಟ್ಟಿದ್ದು ಏಳೂವರೆ ಲಕ್ಷಕ್ಕೆ ಹತ್ತಿರ. ನೌಕರದಾರನಿಗೆ ತಿಂಗಳಿಗೊಮ್ಮೆ ಸಂಬಳ, ತಿಂಗಳಿಗೊಮ್ಮೆ ಕಂತು. ನಮಗೆ ವರ್ಷಕ್ಕೆ ಒಂದೋ ಎರಡೋ ಸಲ ಹಣ, ಕಂತು ಮಾತ್ರ ತಿಂಗಳಿಗೊಮ್ಮೆ! ಜುಲೈ, ಆಗಸ್ಟ್‌ನಲ್ಲಿ ಅಡಿಕೆಗೆ ಬೋರ್ಡೋ ಹೊಡೆಸಬೇಕು, ಕಾಫಿ ಕಳೆ ತೆಗೆಸಬೇಕು, ಬರುವ ಹಣ ಏನೂ ಇರುವುದಿಲ್ಲ. ಒಳ್ಳೆಯ ಬೆಲೆಯ ವರ್ಷದಲ್ಲಿ ಗಾಡಿ ತೆಗೆದು, ಜೂನ್‌ನಲ್ಲಿ ಗೊಬ್ಬರಕ್ಕೆ ಸಾಲ ಕೇಳಲು ಅದೇ ಗಾಡಿಯಲ್ಲಿ ಸಂಘಕ್ಕೆ ಬಂದ ಸದಸ್ಯರನ್ನು ನಾನು ಕಂಡಿದ್ದೇನೆ. 2001–02ರಲ್ಲಿ ಕಾಫಿ ಬೆಲೆ ಪಾತಾಳಕ್ಕೆ ಬಿದ್ದಾಗ ಜೀಪು ಮಾರಿ ಆಳಿನ ಸಂಬಳ ಕೊಟ್ಟವರೂ ನಮ್ಮ ನಡುವೆ ಇದ್ದಾರೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ಮುಂದಿನ ಒಂದು ವರ್ಷದ ತೋಟದ ಖರ್ಚನ್ನು ಬದಿಗಿಟ್ಟ ಮೇಲೂ ಗಾಡಿಯ ಅರ್ಧ ಬೆಲೆಯಾದರೂ ಕೈಯಲ್ಲಿ ಉಳಿಯುವವರು ಹೊಸದು ಕೊಳ್ಳಲಿ. ಮನೆಯಲ್ಲಿ ವಯಸ್ಸಾದವರೇ ಇದ್ದು ಹೊತ್ತಲ್ಲದ ಹೊತ್ತಲ್ಲಿ ಆಸ್ಪತ್ರೆಗೆ ಓಡಬೇಕಾದವರೂ, ರಿಪೇರಿಗೆ ಗೊತ್ತಿನ ಮೆಕ್ಯಾನಿಕ್ ಇಲ್ಲದವರೂ ಹೊಸದನ್ನೇ ಯೋಚಿಸಬಹುದು. ಎರಡರಿಂದ ಐದು ಎಕರೆಯ ಉಳಿದವರಿಗೆ ನಾಲ್ಕರಿಂದ ಆರು ವರ್ಷದ, ಒಬ್ಬರೇ ಓಡಿಸಿದ, ಚಿಕ್ಕ ಪೆಟ್ರೋಲ್ ಕಾರು ಸಾಕು. ತೋಟದೊಳಗೆ ಪೈಪು, ಗೊಬ್ಬರದ ಮೂಟೆ ಹೊರಲು ಹಳೇ ಜೀಪು ಇದ್ದರೆ ಇರಲಿ. ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಧೈರ್ಯ ಬೇಡ.

ಪೆಟ್ರೋಲ್ ಎಂದದ್ದಕ್ಕೆ ಕಾರಣವಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್–6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಕೂಡಿದ ಮಸಿ ತಾನಾಗಿ ಉರಿದುಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ವೇಗವಾಗಿ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಪೇಟೆಗೆ ಎಂದು ಎರಡನೇ ಗೇರಿನಲ್ಲೇ ತಿರುಗುವ ನಮ್ಮ ಗಾಡಿಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ಬದಲಾಯಿಸುವುದು ದುಬಾರಿ.

ಈಗ ನನ್ನ ಕಥೆ. 2016ರ ಜುಲೈಯಲ್ಲಿ, ಜಡಿಮಳೆಯ ನಡುವೆ, ಎಂಟು ವರ್ಷದ ಡೀಸೆಲ್ ಕಾರೊಂದನ್ನು ದಲ್ಲಾಳಿಯೊಬ್ಬರ ಮೂಲಕ ಕೊಂಡೆ. ಓಡಿಸಿ ನೋಡಿಯೇ ಕೊಂಡೆ. ಆದರೆ ಮಲೆನಾಡಿನ ಮಳೆಗಾಲದ ತಂಪಿನಲ್ಲಿ ಯಾವ ಎಂಜಿನ್ ತಾನೇ ಕಾದೀತು? ಒಂಬತ್ತು ತಿಂಗಳು ಒಂದು ದೂರೂ ಇಲ್ಲ. 2017ರ ಏಪ್ರಿಲ್‌ನಲ್ಲಿ ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮಂಗಳೂರಿನಿಂದ ಹಿಂತಿರುಗುವಾಗ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಏ.ಸಿ. ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತತೊಡಗಿದೆವು. ಕೆಲವು ತಿರುವು ಕಳೆಯುವುದರಲ್ಲಿ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಜೊತೆಗಿದ್ದ ನಮ್ಮ ತೋಟದ ಹುಡುಗನಿಗೆ "ನೀರು ಇದೆಯಾ ನೋಡೋ" ಎಂದವನು ನಾನೇ. ಅವನು ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಿದ. ಕುದಿನೀರು ಚಿಮ್ಮಿ ಬೆರಳಿನಿಂದ ಮೊಣಕೈವರೆಗೆ ಬೆಂದುಹೋಯಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ತಾಯಿ ಹಿಂದಿನ ಸೀಟಿನಿಂದ "ಏನಾಯ್ತೋ, ಯಾರು ಕೂಗಿದ್ದು?" ಎಂದು ಕೇಳುತ್ತಲೇ ಇದ್ದರು. ಕೆಳಗಿಳಿಯುತ್ತಿದ್ದ ಲಾರಿಯವರು ಹುಡುಗನನ್ನು ಉಜಿರೆಗೆ ಮುಟ್ಟಿಸಿದರು. ಗಾಡಿಯ ಹೆಡ್ ಗ್ಯಾಸ್ಕೆಟ್ ಹೋಗಿ ಹೆಡ್ ಬಾಗಿತ್ತು. ಆ ವರ್ಷದ ಮೆಣಸಿನ ಹಣ ಗ್ಯಾರೇಜಿಗೆ ಹೋಯಿತು, ಹೋಗಲಿ. ಹುಡುಗನ ಕೈಮೇಲಿನ ಕಲೆ ಈಗಲೂ ಇದೆ.

ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ ತೋರಿಸಿದ. ಒಳಗಿನ ಕೊಳವೆಗಳಲ್ಲಿ ಅರ್ಧದಷ್ಟು ತುಕ್ಕು, ಸುಣ್ಣ ಕಟ್ಟಿ ಮುಚ್ಚಿದ್ದವು. ಹಿಂದಿನವರು ಕೂಲಂಟ್ ಬದಲು ಬರೀ ಬಾವಿ ನೀರು ಹಾಕುತ್ತ ಬಂದಿದ್ದಿರಬೇಕು. ಜುಲೈಯಲ್ಲಿ ಇದು ತಿಳಿಯುವಂತಿರಲಿಲ್ಲ. ಹಳೇ ಗಾಡಿ ಕೊಳ್ಳುವವರು ಮಾರ್ಚ್‌ನಿಂದ ಮೇ ಒಳಗೆ, ಬಿಸಿಲೇರಿದ ಮೇಲೆ ನೋಡಿ ಕೊಳ್ಳಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೇ. ಮಳೆಗಾಲ ಮುಚ್ಚಿಟ್ಟದ್ದನ್ನು ಬೇಸಿಗೆ ತೆರೆದು ತೋರಿಸುತ್ತದೆ.

ಮುಚ್ಚಳ ತೆಗೆದರೆ ನೀರು ಚಿಮ್ಮುವುದೇಕೆ ಎಂಬುದನ್ನೂ ತಿಳಿದಿರಬೇಕು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, 3000 ಅಡಿ ಎತ್ತರದ ನಮ್ಮ ಕಡೆ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಕೆಲಸ ಮಾಡುವುದೇ 90ರ ಆಸುಪಾಸಿನಲ್ಲಿ. ಅದಕ್ಕಾಗಿ ರೇಡಿಯೇಟರ್ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟು ಒಳಗೆ ಒತ್ತಡ ನಿಲ್ಲಿಸುತ್ತಾರೆ. ಚದರ ಅಂಗುಲಕ್ಕೆ 15 ಪೌಂಡಿನಷ್ಟು ಒತ್ತಡವಿದ್ದರೆ ನೀರು 120 ಡಿಗ್ರಿಯವರೆಗೂ ಕುದಿಯದೆ ತಡೆಯುತ್ತದೆ. ಕೂಲಂಟ್ ಬೆರೆಸಿದರೆ ಇನ್ನೂ ಸ್ವಲ್ಪ ಹೆಚ್ಚು. ಮುಚ್ಚಳ ತೆಗೆದೊಡನೆ ಒತ್ತಡ ಇಲ್ಲವಾಗಿ ಆ ನೀರೆಲ್ಲ ಒಮ್ಮೆಗೇ ಕುದಿದು ಹಬೆಯಾಗಿ ಮುಖಕ್ಕೆ ಬರುತ್ತದೆ. ಪ್ರೆಶರ್ ಕುಕ್ಕರಿನ ಮುಚ್ಚಳವನ್ನು ಸೀಟಿ ಕೂಗುತ್ತಿರುವಾಗ ತೆಗೆಯಬಾರದೆಂದು ಮನೆಯ ಹೆಂಗಸರಿಗೆ ಗೊತ್ತು, ನಮಗೆ ಗೊತ್ತಿರಲಿಲ್ಲ. ಮುಳ್ಳು ಏರುತ್ತಿದ್ದರೆ ಏ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ ಕಿಟಕಿ ಇಳಿಸಿ. ಎಂಜಿನ್ನಿನ ಶಾಖ ಒಂದಷ್ಟು ಆ ದಾರಿಯಲ್ಲಿ ಹೋಗುತ್ತದೆ. ಹಬೆ ಕಂಡರೆ ಅಥವಾ ಮುಳ್ಳು ಕೆಂಪು ಮುಟ್ಟಿದರೆ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಮುಕ್ಕಾಲು ಗಂಟೆ ಕಾದು, ಮುಚ್ಚಳ ಕೈಗೆ ತಣ್ಣಗೆ ಸಿಕ್ಕಿದ ಮೇಲೆ ನೀರು ಹಾಕಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು.

ಗಾಡಿ ನೋಡಲು ಹೋಗುವಾಗ ಮಾರುವವರಿಗೆ "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ ಹೋಗಿ. ಹೋದವರು ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಮಾತು ಮೀರಿದ್ದಾರೆ, ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣಗಿದ್ದರೆ ರೇಡಿಯೇಟರ್ ಅಥವಾ ಅದರ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಕೂಲಂಟ್‌ಗೆ ಹಸಿರು, ಕೆಂಪು, ನೀಲಿ ಏನಾದರೊಂದು ಸ್ವಚ್ಛ ಬಣ್ಣ ಇರಬೇಕು. ತುಕ್ಕಿನ ಕಂದು ಬಣ್ಣವಿದ್ದರೆ, ಮೇಲೆ ಎಣ್ಣೆಯ ಪದರವಿದ್ದರೆ ಚೌಕಾಸಿಗೂ ಕೂರದೆ ಮನೆಗೆ ಬನ್ನಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೂ ಅಷ್ಟೇ. ನೀರು ಆಯಿಲಿಗೆ ಸೇರುತ್ತಿರಬಹುದು. ಆಮೇಲೆ ನಾಲ್ಕು ಜನ ಕೂತು, ಏ.ಸಿ. ಪೂರ್ತಿ ಹಾಕಿ, ನಡುಮಧ್ಯಾಹ್ನ ಒಂದು ಒಳ್ಳೆಯ ಏರು ಹತ್ತಿಸಿ. ಹತ್ತಿದ ಮೇಲೆ ಬಿಸಿಲಲ್ಲೇ ಹದಿನೈದು ನಿಮಿಷ ಎಂಜಿನ್ ಓಡಿಸುತ್ತಾ ನಿಲ್ಲಿಸಿ. ಫ್ಯಾನ್ ತಾನಾಗಿ ತಿರುಗಿ ನಿಲ್ಲುತ್ತಿದೆಯೇ, ಮುಳ್ಳು ನಡುವಿನಲ್ಲೇ ಇದೆಯೇ ನೋಡಿ. ಬಂದ್ ಮಾಡಿ ಐದು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡಿ. ಬ್ಯಾಟರಿ ಸೋತಿದ್ದರೆ ಆಗ ತಿಳಿಯುತ್ತದೆ. ಈ ಪರೀಕ್ಷೆಗೆ ಒಪ್ಪದ ಮಾಲೀಕರ ಗಾಡಿ ನಮಗೆ ಬೇಡ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಸವೆಯದಿದ್ದರೂ ವಯಸ್ಸಾದ ರಬ್ಬರ್ ಬಿಸಿ ರಸ್ತೆಯಲ್ಲಿ ಸಿಡಿಯಬಹುದು. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದು ನೋಡಿ. ಕೆಸರಿನ ಗುರುತಿದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿ. 2018ರ ಕೊಡಗು, ಕೇರಳದ ಮಳೆಯನ್ನು ನಾವು ಮರೆತಿಲ್ಲ. ಕರಾವಳಿಯ ಗಾಡಿಯಾದರೆ ಉಪ್ಪುಗಾಳಿಯ ತುಕ್ಕಿಗೆ ಅಡಿಭಾಗ ಬಗ್ಗಿ ನೋಡಬೇಕು. 2015ರಲ್ಲಿ ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಆ ಕಡೆಯವು ಅಗ್ಗಕ್ಕೆ ದಕ್ಷಿಣಕ್ಕೆ ಇಳಿದವು. ಹೊರರಾಜ್ಯದ ಗಾಡಿಗೆ ಇಲ್ಲಿ ಮತ್ತೆ ತೆರಿಗೆ ಕಟ್ಟಿ ನೋಂದಾಯಿಸಬೇಕಾದ್ದರಿಂದ ಆ ಅಗ್ಗ ಉಳಿಯುವುದಿಲ್ಲ. ಹದಿನೈದು ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತೆಂಬುದೂ ಗಮನದಲ್ಲಿರಲಿ.

ಕಾಗದಪತ್ರದ ವಿಷಯದಲ್ಲಿ ನಮ್ಮವರು ಬಹಳ ಸಡಿಲ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಪತ್ರ ಹಾಗೂ ಫಾರಂ 35, ಬೇರೆ ರಾಜ್ಯದ್ದಾದರೆ ಫಾರಂ 28 ಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಿ. ಇಲ್ಲವಾದರೆ ನಿಮ್ಮ ಗಾಡಿಗೆ ಆದ ನಷ್ಟಕ್ಕೆ ಕಂಪನಿ ಕೈಯೆತ್ತಬಹುದು. ಮಾರುವವರಿಗಂತೂ ಇದು ಇನ್ನೂ ಮುಖ್ಯ. ಗಾಡಿ ಕೈಬದಲಾಗಿದ್ದರೂ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿದೆ. "ಗೊತ್ತಿನವರೇ, ಆಮೇಲೆ ಮಾಡಿಸ್ಕೋತಾರೆ" ಎಂದು ಬಿಟ್ಟವರು ಇಂದೇ ವಿಚಾರಿಸಿ.

ಇನ್ನು ಹೊಸದಿರಲಿ ಹಳೇದಿರಲಿ, ಬಿಸಿಲು ಕಾಲದಲ್ಲಿ ನೋಡಿಕೊಳ್ಳುವ ಬಗೆ. ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಿ ಹಾಕಿ, ಬೋರ್‌ವೆಲ್ ನೀರು ಬೇಡ. ರೇಡಿಯೇಟರಿನ ಮುಂದೆ ತರಗೆಲೆ, ಹುಲ್ಲು, ಹುಳು ಸಿಕ್ಕಿಕೊಂಡಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ನಿಧಾನವಾಗಿ ನೀರು ಬಿಟ್ಟು ತೊಳೆಯಿರಿ. ಶೆಡ್ಡಿನಲ್ಲಿ ಇಲಿ ರಬ್ಬರ್ ಪೈಪು, ವೈರು ಕಡಿಯುವುದು ನಮ್ಮಲ್ಲಿ ಮಾಮೂಲು, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಬೇಕು. ಟೈರಿಗೆ ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಹಿಡಿಸಿ. ಓಡಿ ಬಿಸಿಯಾದಾಗ ಒತ್ತಡ ಏರಿದ್ದು ಕಂಡು ಗಾಳಿ ಬಿಡುವವರಿದ್ದಾರೆ, ಅದು ತಪ್ಪು. ಗಾಳಿ ಕಡಿಮೆಯಾದ ಟೈರೇ ಹೆಚ್ಚು ಕಾಯುವುದು. ಬ್ಯಾಟರಿಗೂ ಚಳಿಗಿಂತ ಸೆಕೆ ದೊಡ್ಡ ಶತ್ರು, ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನೆರಳಿಗೆ ನಿಲ್ಲಿಸಿ, ಆದರೆ ಏಪ್ರಿಲ್, ಮೇ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿಯುತ್ತದೆ, ಹಲಸಿನ ಮರದ ವಿಷಯ ನಾನು ಹೇಳಬೇಕಾಗಿಲ್ಲ.

ಬಿಸಿಲಲ್ಲಿ ನಿಂತ ಕಾರಿಗೆ ಹತ್ತುವ ಮುಂಚೆ ಬಾಗಿಲುಗಳನ್ನೆಲ್ಲ ಒಂದು ನಿಮಿಷ ತೆರೆದಿಡಿ. ಮೊದಲ ಅರ್ಧ ಮೈಲಿ ಕಿಟಕಿ ಇಳಿಸಿ ಓಡಿಸಿ, ಆಮೇಲೆ ಏ.ಸಿ. ಹಾಕಿ. ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನು, ಕೀಟನಾಶಕದ ಡಬ್ಬಿ ಇವನ್ನು ಮುಚ್ಚಿದ ಕಾರಿನಲ್ಲಿಟ್ಟು ಪೇಟೆ ಕೆಲಸಕ್ಕೆ ಹೋಗಬೇಡಿ. ಮಕ್ಕಳನ್ನೋ ವಯಸ್ಸಾದವರನ್ನೋ "ಐದು ನಿಮಿಷ, ಬ್ಯಾಂಕಿಗೆ ಹೋಗಿ ಬಂದೆ" ಎಂದು ಒಳಗೆ ಬಿಡುವುದಂತೂ ಕೂಡದು. ಮುಚ್ಚಿದ ಕಾರಿನ ಸೆಕೆ ಏರುವುದರಲ್ಲಿ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ, ಕಿಟಕಿ ಒಂದಂಗುಲ ತೆರೆದಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ.

ಗಾಡಿ ನೋಡಲು ಜೊತೆಗೆ ಬರಬೇಕೆಂದು ಕೇಳುವ ಸದಸ್ಯರು ಗುರುವಾರ ಬಿಟ್ಟು ಬೇರೆ ದಿನ ಹೇಳಿ ಕಳಿಸಿದರೆ ಬರುತ್ತೇನೆ. ಮಧ್ಯಾಹ್ನ ಹನ್ನೆರಡರ ಮೇಲೆ ಮಾತ್ರ.

– ಕಾರ್ಯದರ್ಶಿ