ತಂತ್ರಾಂಶಕ್ಕೆ ದಾರಿ ತೋರುವ ‘ಪಾತ್’

ತ್ರೈಮಾಸಿಕ ಟಿಡಿಎಸ್ ವಿವರಪಟ್ಟಿ ಸಲ್ಲಿಸಲು ಅಂದೇ ಕೊನೆಯ ದಿನ. ಪಟ್ಟಿಯನ್ನು ಸಿದ್ಧಪಡಿಸುವ ತಂತ್ರಾಂಶವು ಜಾವಾ ಆಧಾರಿತ. ಜಾವಾವನ್ನು ಸ್ಥಾಪಿಸಿಯೂ ಆಗಿದೆ. ಆದರೂ ಗಣಕಯಂತ್ರವು ‘ಜಾವಾ’ ಎಂಬ ಆಜ್ಞೆಯೇ ತನಗೆ ತಿಳಿಯದೆನ್ನುತ್ತದೆ. ಸಣ್ಣ ಉದ್ಯಮಗಳ ಲೆಕ್ಕಪತ್ರ ವಿಭಾಗದಲ್ಲಿ ಇದು ಅಪರೂಪದ ದೃಶ್ಯವೇನಲ್ಲ. 2012ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ತಡವಾದ ಪ್ರತಿ ದಿನಕ್ಕೆ 200 ರೂ. ಶುಲ್ಕ ತೆರಬೇಕಾಗುತ್ತದೆ.

ಇಂಥಲ್ಲಿ ದೋಷವು ಹಲವು ವೇಳೆ ಜಾವಾದಲ್ಲಿರದೆ ‘ಎನ್ವಿರಾನ್ಮೆಂಟ್ ವೇರಿಯಬಲ್’ಗಳಲ್ಲಿರುತ್ತದೆ. ಎಲ್ಲ ತಂತ್ರಾಂಶಗಳೂ ಓದಿಕೊಳ್ಳಲೆಂದು ವಿಂಡೋಸ್ ಕಾದಿಡುವ ಹೆಸರು ಮತ್ತು ಮೌಲ್ಯಗಳ ಜೋಡಿಗಳಿವು. 1979ರ ಯುನಿಕ್ಸ್ 7ನೇ ಆವೃತ್ತಿಯಿಂದ ಬೆಳೆದುಬಂದ ಪದ್ಧತಿ. ಇವುಗಳಲ್ಲಿ ‘ಪಾತ್’ ಎಂಬುದು, ಆಜ್ಞೆಯೊಂದನ್ನು ಕೊಟ್ಟಾಗ ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂದು ತಿಳಿಸುವ ಪಟ್ಟಿ. ವಿಳಾಸಗಳ ನಡುವೆ ಅರ್ಧವಿರಾಮವಿರುತ್ತದೆ. ಮೊದಲು ದೊರೆತದ್ದೇ ನಡೆಯುತ್ತದೆ. ಆದಕಾರಣ ಹಳೆಯ ಆವೃತ್ತಿಯ ವಿಳಾಸವು ಮೇಲಿದ್ದರೆ, ಹೊಸದನ್ನು ಸ್ಥಾಪಿಸಿದರೂ ಹಳೆಯದೇ ಓಡುತ್ತದೆ. ‘ಜಾವಾ ಹೋಮ್’ಗೆ ಮಾತ್ರ ಜಾವಾದ ಮೂಲ ಫೋಲ್ಡರಿನ ವಿಳಾಸವನ್ನು ಕೊಡಬೇಕು, ಅದರೊಳಗಿನ ‘ಬಿನ್’ ಫೋಲ್ಡರಿನದನ್ನಲ್ಲ. ಈ ತಪ್ಪನ್ನು ನುರಿತವರೂ ಮಾಡುವುದುಂಟು.

ನಿಜವಾದ ಅಪಾಯವಿರುವುದು ಅವಸರದ ದುರಸ್ತಿಯಲ್ಲಿ. ‘ಪಾತ್’ ಒಂದು ತಂತ್ರಾಂಶದ ಸ್ವತ್ತಲ್ಲ. ಹೊಸ ವಿಳಾಸವನ್ನು ಸೇರಿಸಬೇಕೇ ಹೊರತು ಹಳೆಯದರ ಮೇಲೆ ಬರೆಯಬಾರದು. ಕಮಾಂಡ್ ಪ್ರಾಂಪ್ಟಿನ ‘ಸೆಟ್‌ಎಕ್ಸ್’ ಆಜ್ಞೆಯಂತೂ 1024 ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿಹಾಕುತ್ತದೆ. ಎಚ್ಚರಿಕೆಯ ಸಾಲೊಂದು ಕಾಣಿಸುತ್ತದಾದರೂ ಅದನ್ನು ಓದುವವರಾರು? ಜಾವಾ ಸರಿಹೋಯಿತೆಂದು ತಂತ್ರಜ್ಞರು ಹೊರಟುಹೋದ ಮೇಲೆ, ಪಟ್ಟಿಯ ತುದಿಯಲ್ಲಿದ್ದ ಮತ್ತಾವುದೋ ತಂತ್ರಾಂಶ ಮರುದಿನ ಸ್ಥಗಿತಗೊಳ್ಳುತ್ತದೆ. ವಿಂಡೋಸ್ 10ರಲ್ಲಿ ಬಂದ, ಒಂದೊಂದು ವಿಳಾಸವನ್ನು ಒಂದೊಂದು ಸಾಲಿನಲ್ಲಿ ತೋರಿಸುವ ಕಿಟಕಿಯ ಮೂಲಕ ಬದಲಾಯಿಸುವುದೇ ಲೇಸು.

ಇನ್ನೊಂದು ಸಂಗತಿ. ಈ ವೇರಿಯಬಲ್‌ಗಳಲ್ಲಿ ಒಬ್ಬ ಬಳಕೆದಾರರಿಗೆ ಸೇರಿದವು ಬೇರೆ, ಇಡೀ ಯಂತ್ರಕ್ಕೆ ಸೇರಿದವು ಬೇರೆ. ತಂತ್ರಜ್ಞರು ತಮ್ಮ ಲಾಗಿನ್‌ನಲ್ಲಿ ಬಳಕೆದಾರರ ಪಟ್ಟಿಗೆ ಸೇರಿಸಿದ್ದು ಗುಮಾಸ್ತರ ಲಾಗಿನ್‌ಗೆ ಕಾಣದು. ಯಂತ್ರದ ಪಟ್ಟಿಯನ್ನು ತಿದ್ದಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ತಿದ್ದುವ ಮೊದಲು ಹಳೆಯ ಪಟ್ಟಿಯನ್ನು ಯಥಾವತ್ತಾಗಿ ನೋಟ್‌ಪ್ಯಾಡ್ ಕಡತವೊಂದರಲ್ಲಿ ಉಳಿಸಿಡುವಂತೆ ಉದ್ಯಮಿಗಳು ತಂತ್ರಜ್ಞರಿಗೆ ಸೂಚಿಸಬೇಕು. ತಿದ್ದಿದ ಬಳಿಕ ಕಮಾಂಡ್ ಪ್ರಾಂಪ್ಟನ್ನು ಮುಚ್ಚಿ ಹೊಸದಾಗಿ ತೆರೆದು, ಗುಮಾಸ್ತರ ಲಾಗಿನ್‌ನಲ್ಲಿಯೇ ಪರೀಕ್ಷಿಸಬೇಕು; ಮೊದಲೇ ತೆರೆದಿದ್ದ ಕಿಟಕಿಯು ಹಳೆಯ ಪಟ್ಟಿಯನ್ನೇ ಹಿಡಿದಿರುತ್ತದೆ.