ಎರಡನೇ ಪ್ಯಾರಾ ದಾಟಿಸೋದು ಹೇಗೆ?

ಹೋದ ಸೆಮಿಸ್ಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಬಗ್ಗೆ ಒಂದು ಲೇಖನ ಬರೆದಿದ್ದೆ. ಮೊದಲ ಸಾಲು ಹೀಗಿತ್ತು: "ಇಂದಿನ ಆಧುನಿಕ ಯುಗದಲ್ಲಿ ವಿದ್ಯುತ್ ಪರಿವರ್ತಕಗಳು ಅತ್ಯಂತ ಮಹತ್ವದ ಪಾತ್ರವನ್ನು ವಹಿಸುತ್ತವೆ." ರೂಮ್‌ಮೇಟ್‌ಗೆ ಓದೋಕೆ ಕೊಟ್ಟೆ. ಎರಡನೇ ಪ್ಯಾರಾ ಹೊತ್ತಿಗೆ ಫೋನ್ ವಾಪಸ್ ಕೊಟ್ಟು "ಸೂಪರ್ ಮಗಾ" ಅಂದ. ಅವನು ಪೂರ್ತಿ ಓದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ತಪ್ಪು ಅವನದ್ದಲ್ಲ. ಆ ಸಾಲನ್ನು ಫ್ರಿಜ್ ಬಗ್ಗೆ ಬರೆದರೂ ನಡೆಯುತ್ತೆ, ಸಿಮೆಂಟ್ ಬಗ್ಗೆ ಬರೆದರೂ ನಡೆಯುತ್ತೆ. ಅದು ಇಂಟರ್ನಲ್ಸ್‌ನಲ್ಲಿ ಪುಟ ತುಂಬಿಸೋ ಅಭ್ಯಾಸ. ಅಲ್ಲಿ ಮೇಷ್ಟ್ರು ಓದಲೇಬೇಕು, ಬೇರೆ ದಾರಿ ಇಲ್ಲ. ಇಲ್ಲಿ ಓದುಗರಿಗೆ ಅಂಥ ಕರ್ಮ ಏನೂ ಇಲ್ಲ.

ಲೇಖನವನ್ನು ಮತ್ತೆ ಬರೆದೆ. ಈ ಸಲ ಒಂದು ಪ್ರಶ್ನೆಯಿಂದ ಶುರು ಮಾಡಿದೆ: ಹಾಸ್ಟೆಲ್ ಹಿಂದಿರೋ ಟ್ರಾನ್ಸ್‌ಫಾರ್ಮರ್ ರಾತ್ರಿಯೆಲ್ಲ ಗುಂಯ್ ಅನ್ನುತ್ತಲ್ಲ, ಅದರಲ್ಲಿ ತಿರುಗೋ ಭಾಗ ಒಂದೂ ಇಲ್ಲದಿದ್ದರೂ ಸದ್ದು ಎಲ್ಲಿಂದ? ಉತ್ತರ ಚಿಕ್ಕದು. ಒಳಗಿರೋ ಕಬ್ಬಿಣದ ಕೋರ್ ಕಾಂತತ್ವ ಏರಿದಾಗ ಕಣ್ಣಿಗೆ ಕಾಣದಷ್ಟು ಉದ್ದ ಬದಲಾಯಿಸುತ್ತೆ, ಇಳಿದಾಗ ಮೊದಲಿನಂತಾಗುತ್ತೆ. ನಮ್ಮ ಕರೆಂಟು ಸೆಕೆಂಡಿಗೆ 50 ಸೈಕಲ್. ಪ್ರತಿ ಸೈಕಲ್‌ನಲ್ಲಿ ಕಾಂತತ್ವ ಎರಡು ಸಲ ತುದಿ ಮುಟ್ಟುತ್ತೆ, ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ. ಹಾಗಾಗಿ ಕೋರ್ ಸೆಕೆಂಡಿಗೆ 100 ಸಲ ನಡುಗುತ್ತೆ. ನಮಗೆ ಕೇಳೋದು ಆ ನಡುಕ. ರೂಮ್‌ಮೇಟ್ ಈ ಸಲ ಕೊನೆವರೆಗೆ ಓದಿ, ಕಿಟಕಿ ತೆಗೆದು ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡ!

ಇದು ನಾನು ಕಂಡುಹಿಡಿದಿದ್ದೇನಲ್ಲ. ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಓದಿದರೆ ಗೊತ್ತಾಗುತ್ತೆ. ಅವರು ಡಿ.ವಿ.ಜಿ. ಅವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಗಿಡಗಳ ಬಗ್ಗೆ ಬರೆದ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಷಯ ಬಾಟನಿ, ಆದ್ರೆ ಓದೋವಾಗ ನಾವು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತಾ, ತಮಾಷೆ ಕೇಳುತ್ತಾ ಇರ್ತೀವಿ. ಗಿಡ ದಾರಿಯಲ್ಲಿ ಎದುರಾಗುತ್ತೆ, ಆಮೇಲೆ ಅದರ ಶಾಸ್ತ್ರ ಬರುತ್ತೆ. ನಮ್ಮ ಲೇಖನಗಳಲ್ಲಿ ಮೊದಲು ವ್ಯಾಖ್ಯಾನ. ಗಿಡ ಬರೋದೇ ಇಲ್ಲ.

ಒಂದು ಲೇಖನ ಓದಿಸೋದು ಬೇರೆ, ಅದೇ ಓದುಗರು ಮತ್ತೆ ಹುಡುಕಿಕೊಂಡು ಬರೋದು ಬೇರೆ. ಲಂಕೇಶ್ 1980ರಲ್ಲಿ ವಾರಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಅಂದ್ರು. ಅಂದ್ರೆ ಪತ್ರಿಕೆ ನಡೆಯಬೇಕಾದರೆ ಜನ ಪ್ರತಿ ವಾರ ಜೇಬಿನಿಂದ ದುಡ್ಡು ಕೊಟ್ಟು ಕೊಳ್ಳಬೇಕು. ಅದರ 'ಟೀಕೆ ಟಿಪ್ಪಣಿ' ಅಂಕಣ, 'ನೀಲು' ಪದ್ಯಗಳನ್ನು ಕಾದು ಓದುತ್ತಿದ್ದವರು ಇವತ್ತಿಗೂ ಸಿಗ್ತಾರೆ. ನಾವಾದ್ರೆ ರಾಜ್ಯೋತ್ಸವಕ್ಕೆ ಎಂಟು ಲೇಖನ ಹಾಕಿ ಯುಗಾದಿವರೆಗೆ ಮಲಗ್ತೀವಿ. ತಿಂಗಳಿಗೆ ಒಂದೇ ಬರಲಿ, ಹೇಳಿದ ದಿನ ಬರಲಿ.

ಭಾಷೆ ಬಗ್ಗೆ ಮಾತಾಡೋ ಧೈರ್ಯ ನನಗೆ ಕಮ್ಮಿ. ಓದಿದ್ದು ಇಂಗ್ಲಿಷ್ ಮೀಡಿಯಂ, ಮಹಾಪ್ರಾಣ ಈಗಲೂ ಕೈಕೊಡುತ್ತೆ. ಆದ್ರೂ ಒಂದು ಮಾತು. 'ವಿದ್ಯುತ್ ಪರಿವರ್ತಕ' ಅಂತ ನಾನು ಬರೆದಿದ್ದು ಅದು ಚೆಂದ ಅಂತಲ್ಲ, ಕನ್ನಡ ಗೊತ್ತು ಅಂತ ತೋರಿಸೋಕೆ. ಅದು ಹೇಗೆ ಗೊತ್ತಾಯ್ತು ಅಂದ್ರೆ, ಲೇಖನ ಬಂದ ಮೇಲೆ ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ನನ್ನನ್ನು ನಿಲ್ಲಿಸಿ ಕೇಳಿದ್ರು: "ಏನಪ್ಪಾ, ನೀನು ಬರ್ದಿದ್ದು ಓದ್ದೆ. ಹಂಗಾದ್ರೆ ನಮ್ಮೂರಲ್ಲಿ ಪ್ರತಿ ಬೇಸಿಗೆ ಟಿಸಿ ಯಾಕೆ ಸುಟ್ಟೋಗುತ್ತೆ?"

ಟಿಸಿ! ಹಳ್ಳಿಗಳಲ್ಲಿ ಎಲ್ಲರೂ ಅದನ್ನು ಹಾಗೇ ಕರೆಯೋದು. ನಾನು ಡಿಕ್ಷನರಿಯಲ್ಲಿ ಹುಡುಕ್ತಾ ಇದ್ದೆ.

ತ್ರೀ ಫೇಸ್ ಬಂದ ಕೂಡಲೇ ಎಲ್ಲ ಪಂಪ್‌ಸೆಟ್ ಒಟ್ಟಿಗೆ ಆನ್ ಆದ್ರೆ ಲೋಡ್ ಹೆಚ್ಚಾಗಿ ಬಿಸಿ ಏರುತ್ತೆ ಅಂತ ಅಷ್ಟಕ್ಕೆ ಹೇಳಿದೆ. "ಅದು ಗೊತ್ತು, ಆಯಿಲ್ ಯಾಕೆ ಹಾಕ್ತಾರೆ ಅದ್ರೊಳಗೆ?" ಅಂದ್ರು. ಮುಂದಿನ ತಿಂಗಳು ಬರೀತೀನಿ ಅಂದೆ. ಮೊನ್ನೆ ಎದುರು ಸಿಕ್ಕಾಗ ತಾರೀಖು ಕೇಳಿದ್ರು.