ತೋಟ ಬಿಟ್ಟು ಐದು ದಿನ

ಕಾಫಿ, ಅಡಿಕೆ ಬೆಳೆಯುವ ನಮ್ಮ ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಪ್ರವಾಸವೆಂಬುದು ಪ್ರತಿ ವರ್ಷ ಮಾತಿಗೆ ಬಂದು ಪ್ರತಿ ವರ್ಷ ಮುಂದಕ್ಕೆ ಹೋಗುವ ಸಂಗತಿ. ಕೊಯ್ಲು ಮುಗಿಯಲಿ ಎನ್ನುತ್ತೇವೆ. ಕೊಯ್ಲು ಮುಗಿದರೆ ಹೂಮಳೆ ಕಾಯಬೇಕು. ಹೂವಾದರೆ ಮರಗಸಿ, ಮರಗಸಿಯಾದರೆ ಅಡಿಕೆಗೆ ಔಷಧಿ, ಅದು ಮುಗಿಯುವಷ್ಟರಲ್ಲಿ ಕೊನೆಕೊಯ್ಲು. ಹೀಗೆ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮಕ್ಕಳೂ ದಡ ಸೇರಿರುತ್ತಾರೆ, ಆದರೆ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಅದರಲ್ಲೂ ಮನೆಯ ಹೆಂಗಸರು ಊರು ಬಿಟ್ಟು ಹೊರಡುವುದು ನೆಂಟರ ಮದುವೆಗೆ, ಹರಕೆಗೆ, ಇಲ್ಲವೆ ಆಸ್ಪತ್ರೆಗೆ. ಮದುವೆಮನೆಗೆ ಹೋಗಿ ಅಲ್ಲಿಯೂ ಸೊಂಟಕ್ಕೆ ಸೆರಗು ಕಟ್ಟಿ ಬಡಿಸಿ ಬರುವುದನ್ನು ಪ್ರವಾಸವೆಂದು ಲೆಕ್ಕ ಹಿಡಿಯುವುದು ನ್ಯಾಯವಲ್ಲ.

ಪಟ್ಟಣದವರಂತೆ ನಾವು ಕ್ಯಾಲೆಂಡರಿನ ಕೆಂಪು ಅಕ್ಷರ ನೋಡಿ ಹೊರಡುವಂತಿಲ್ಲ. ತೋಟವೇ ರಜೆ ಕೊಡಬೇಕು. ಅದು ವರ್ಷಕ್ಕೆ ಎರಡು ಬಾರಿ ರಜೆ ಕೊಡುತ್ತದೆ. ಒಂದು, ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ: ರೋಬಸ್ಟಾ ಕೊಯ್ಲು ಮುಗಿದು, ಹೂ ಕಾಯಿಕಟ್ಟಿ, ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಗೆ ಇನ್ನೂ ಕೆಲವು ದಿನ ಇರುವಾಗ. ಇನ್ನೊಂದು, ಮಳೆಯ ಆರ್ಭಟ ಇಳಿದು ಕೊನೆಗಾರರು ಇನ್ನೂ ಮರ ಹತ್ತದ ಸೆಪ್ಟೆಂಬರಿನ ಕೆಲವು ವಾರ. ಕೆಂಪಡಿಕೆ ಮಾಡುವವರಿಗೆ ಈ ಎರಡನೆಯ ಬಿಡುವು ಕಿರಿದು. ಚಾಲಿ ಮಾಡುವವರಿಗೆ ತುಸು ಉದ್ದ.

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇರುವುದು ನಿಜ. ಆದರೆ ಆ ದಿನಗಳಲ್ಲಿ ನಾಡಿಗೆ ನಾಡೇ ರಸ್ತೆಯ ಮೇಲಿರುತ್ತದೆ, ಬಿಸಿಲೂ ವಿಪರೀತ. ಊಟಿಯ ಕಡೆ ಹೊರಡುವವರು ಮೂರು ಸಂಗತಿ ತಿಳಿದಿರಬೇಕು. 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಅಲ್ಲಿ ಇ-ಪಾಸ್ ಬೇಕು. ಹೊರಡುವ ಮೊದಲೇ ಪಡೆದುಕೊಳ್ಳಿ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ. ನೀಲಗಿರಿ ಜಿಲ್ಲೆಯೊಳಕ್ಕೆ ನೀರಿನ ಸಣ್ಣ ಪ್ಲಾಸ್ಟಿಕ್ ಬಾಟಲಿ ಒಯ್ಯುವಂತಿಲ್ಲ. ಸ್ಟೀಲಿನ ಬಾಟಲಿ ಇರಲಿ. ಇಷ್ಟಾದರೂ, ಬೆಟ್ಟ, ಮಂಜು, ತೋಟ ನೋಡಲು ನಾವು ಹಣ ಕೊಟ್ಟು ಹೋಗಬೇಕೇ ಎಂಬುದು ನನ್ನ ಸಂದೇಹ.

ಮಲೆನಾಡಿನವರು ನೋಡಬೇಕಾದುದು ಬಯಲುಸೀಮೆಯನ್ನು. ಆಕಾಶ ನೆಲಕ್ಕೆ ತಾಗುವಷ್ಟು ದೂರ ಕಣ್ಣು ಹರಿಸುವುದೇ ನಮಗೊಂದು ವಿಶ್ರಾಂತಿ. ಅದಕ್ಕೆ ಸೆಪ್ಟೆಂಬರ್ ಹೇಳಿ ಮಾಡಿಸಿದ ಕಾಲ. ಬಾದಾಮಿ, ವಿಜಯಪುರದ ಕಡೆ ಆಗ ಬೇಸಿಗೆಯ ಉರಿ ಇಲ್ಲ, ಹೊಲಗಳು ಹಸಿರಾಗಿರುತ್ತವೆ. ಮಹಾಲಯ ಪಕ್ಷ ಬಂದರೆ ಮದುವೆ ಮುಂಜಿಗಳೂ ಇರುವುದಿಲ್ಲ. ಮನೆಯ ಶ್ರಾದ್ಧದ ತಿಥಿಯೊಂದನ್ನು ನೋಡಿಕೊಂಡು ದಿನ ಗೊತ್ತುಮಾಡಿದರೆ ನೆಂಟರ ಆಕ್ಷೇಪವೂ ಬಾರದು. ಮಕ್ಕಳಿಗೆ ಮೂರು ದಿನ ಶಾಲೆ ತಪ್ಪಬಹುದು. ಇತಿಹಾಸದ ಪಾಠಕ್ಕೆ ಅದರಿಂದ ನಷ್ಟವೇನೂ ಇಲ್ಲ.

ಇದಕ್ಕೆ ನಮ್ಮ ಭಾಗದವರಿಗೆ ಒಂದು ಒಳ್ಳೆಯ ಗಾಡಿಯೂ ಇದೆ. 2019ರ ನವೆಂಬರಿನಲ್ಲಿ ಆರಂಭವಾದ ಮಂಗಳೂರು-ವಿಜಯಪುರ ರೈಲು ಪುತ್ತೂರು, ಸುಬ್ರಹ್ಮಣ್ಯ ರಸ್ತೆ, ಸಕಲೇಶಪುರ, ಹಾಸನ, ಅರಸೀಕೆರೆ, ಹುಬ್ಬಳ್ಳಿ, ಗದಗದ ಮೇಲೆ ಬಾದಾಮಿಗೆ ಹೋಗುತ್ತದೆ. ಅಡಿಕೆ ಸೀಮೆಯಲ್ಲಿ ಹತ್ತಿ, ಕಾಫಿ ಸೀಮೆ ದಾಟಿ, ಮಲಗಿ ಎದ್ದರೆ ಜೋಳದ ಸೀಮೆ. ಎಲ್ಲಿಯೂ ಗಾಡಿ ಬದಲಿಸಬೇಕಾಗಿಲ್ಲ. ವಯಸ್ಸಾದವರಿಗೆ ಇದೇ ದೊಡ್ಡ ಅನುಕೂಲ. ಚಿಕ್ಕಮಗಳೂರು ಕಡೆಯವರು ಅರಸೀಕೆರೆಗೆ ಬಂದು ಹತ್ತಬಹುದು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗಗಳಿವೆ. ಮೀಟರ್ ಗೇಜಿನ ಕಾಲದಲ್ಲಿ ಇಲ್ಲಿ ಓಡಾಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ; ಹಳಿ ಅಗಲವಾಗಿ ಜನರ ಗಾಡಿ ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಮಳೆ ಜೋರಾದ ವರ್ಷ ಮಾತ್ರ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಈ ಮಾರ್ಗದ ಗಾಡಿಗಳು ಹಲವು ದಿನ ನಿಂತಿದ್ದವು.

ಟಿಕೆಟ್ಟಿನ ವಿಷಯದಲ್ಲಿ ನಿಯಮಗಳು ಬದಲಾಗಿವೆ. ಮೊದಲು 120 ದಿನ ಮುಂಚೆ ಕಾದಿರಿಸಬಹುದಾಗಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. ಅಂದರೆ ಸೆಪ್ಟೆಂಬರಿನ ಪ್ರವಾಸಕ್ಕೆ ಜುಲೈಯಲ್ಲೇ ಟಿಕೆಟ್ಟು ತೆಗೆಯಬೇಕು. ಅಡಿಕೆಗೆ ಎರಡನೆಯ ಬಾರಿ ಬೋರ್ಡೋ ಹೊಡೆಸುವ ದಿನಗಳಲ್ಲೇ ಇದನ್ನೂ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಹಿರಿಯ ನಾಗರಿಕರ ದರದ ರಿಯಾಯಿತಿ 2020ರ ಮಾರ್ಚಿಯಲ್ಲಿ ನಿಂತಿತು. ಕೌಂಟರಿನಲ್ಲಿ ವಾದಿಸಿ ಫಲವಿಲ್ಲ. ಆದರೆ 60 ತುಂಬಿದ ಗಂಡಸರಿಗೂ 45 ತುಂಬಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಇದು ಸಿಗುವುದು ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದಾಗ. ಆದ್ದರಿಂದ ಮನೆಯವರೆಲ್ಲರನ್ನೂ ಒಂದೇ ಚೀಟಿಯಲ್ಲಿ ಬರೆಸದೆ, ಅಜ್ಜ ಅಜ್ಜಿಯ ಟಿಕೆಟ್ಟನ್ನು ಬೇರೆ ತೆಗೆಸುವುದು ಜಾಣತನ. ವೇಟಿಂಗ್ ಲಿಸ್ಟಿನಲ್ಲೇ ಉಳಿದ ಟಿಕೆಟ್ಟು ಹಿಡಿದು ಮಲಗುವ ಬೋಗಿ ಹತ್ತುವಂತಿಲ್ಲ. ಹೋಗುವ ದಿನ ಗೊತ್ತಾದಾಗಲೇ ಬರುವ ಟಿಕೆಟ್ಟಿನ ಕೌಂಟರು ತೆರೆಯುವ ದಿನವನ್ನೂ ಲೆಕ್ಕ ಹಾಕಿ ಬರೆದಿಡಿ.

ಬಾದಾಮಿ ನಿಲ್ದಾಣ ಊರಿಂದ ನಾಲ್ಕೈದು ಕಿಲೋಮೀಟರ್ ದೂರ, ಆಟೋ ಸಿಗುತ್ತದೆ. ಇಳಿದುಕೊಳ್ಳಲು ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ಬೇರೆ ವಸತಿಗೃಹಗಳೂ ಇವೆ. ಯಾವುದೇ ವಸತಿಗೃಹಕ್ಕೆ ಫೋನಿನ ಮೂಲಕ ಮುಂಗಡ ಕಳುಹಿಸುವ ಮುನ್ನ ಆ ನಂಬರು ಅಲ್ಲಿನದೇ ಎಂದು ಖಚಿತ ಮಾಡಿಕೊಳ್ಳಿ. ಈ ವಿಷಯದಲ್ಲಿ ಮೋಸ ಹೋಗುವವರು ಬಹಳ. ಗುಹೆಗಳು ನಾಲ್ಕು. ಮೊದಲನೆಯದರ ಹದಿನೆಂಟು ಕೈಗಳ ನಟರಾಜನನ್ನು ಹೆಚ್ಚು ಹತ್ತದೆ ನೋಡಬಹುದು. ಮೂರನೆಯದಕ್ಕೆ ಮೆಟ್ಟಿಲು ಜಾಸ್ತಿ, ಆದರೆ ಶಕ್ತಿಯಿದ್ದವರು ಬಿಡಬಾರದು. ಮಂಗಲೇಶ ಮಾಡಿಸಿದ ಆ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಹೋಗಬೇಡಿ. ನಮ್ಮ ತೋಟದ ಮಂಗಗಳೇ ವಾಸಿ ಎನ್ನಿಸುತ್ತದೆ.

ಮೊಣಕಾಲು ನೋವಿನವರಿಗೆ ಪಟ್ಟದಕಲ್ಲೇ ಸರಿ. ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. ಮಲಪ್ರಭೆಯ ದಡದ ಸಮತಟ್ಟಾದ ಹುಲ್ಲುನೆಲದಲ್ಲಿ ಗುಡಿಗಳೆಲ್ಲ ಹತ್ತಿರ ಹತ್ತಿರ ನಿಂತಿವೆ. ಹತ್ತುವ ತೊಂದರೆ ಕಡಿಮೆ, ನೆರಳಿನಲ್ಲಿ ಕುಳಿತೂ ನೋಡಬಹುದು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ಸ್ಥಳದ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಗೋಡೆ, ಕಂಬಗಳ ಮೇಲಿನ ರಾಮಾಯಣ, ಭಾರತದ ಕಥೆಗಳನ್ನು ಮನೆಯ ಅಜ್ಜಿಯೇ ಮಕ್ಕಳಿಗೆ ತೋರಿಸಿ ಹೇಳಬಲ್ಲಳು. ಐಹೊಳೆ ಅಲ್ಲಿಂದ ಮುಂದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳು ಶುಕ್ರವಾರ ಮುಚ್ಚಿರುತ್ತವೆ, ಆ ದಿನ ತಪ್ಪಿಸಿ. ಈ ಊರುಗಳ ನಡುವೆ ಸರ್ಕಾರಿ ಬಸ್ಸಿವೆ. ಶಕ್ತಿ ಯೋಜನೆಯಂತೆ 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ, ಗುರುತಿನ ಚೀಟಿ ಜೊತೆಗಿರಲಿ. ನಾಲ್ಕೈದು ಜನರಿದ್ದು ಒಂದೇ ದಿನ ಮೂರೂ ನೋಡುವುದಾದರೆ ಬಾಡಿಗೆ ವಾಹನ ಒಳ್ಳೆಯದು.

ಊಟದ ಬಗ್ಗೆ ಹೆದರಬೇಕಾಗಿಲ್ಲ. ಬಾದಾಮಿಯ ಹತ್ತಿರದ ಬನಶಂಕರಿಯಲ್ಲಿ ಗುಡಿಯ ಮುಂದೆ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಾರೆ. ಅನ್ನ ಕಾಣದೆ ಊಟವಾಗಲಿಲ್ಲ ಎನ್ನುವ ನಮ್ಮ ಗಂಡಸರು ಒಂದು ಹೊತ್ತು ಸುಧಾರಿಸಿಕೊಳ್ಳಲಿ. ಕೊಳ್ಳುವುದಾದರೆ ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಅಮೀನಗಡದ ಕರದಂಟು. ಇವು ಮೂರೂ ಆಯಾ ಊರಿನವೇ.

ಮೂರನೆಯ ದಿನ ಬಾದಾಮಿಯಿಂದ ರೈಲಿನಲ್ಲೇ ಕೃಷ್ಣೆಯನ್ನು ದಾಟಿ ವಿಜಯಪುರಕ್ಕೆ ಹೋಗಬಹುದು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಷಾನ ಸಮಾಧಿಯಾದ ಗೋಳಗುಮ್ಮಟದಲ್ಲಿ ಪಿಸುಮಾತು ಎದುರು ಗೋಡೆಯಲ್ಲಿ ಕೇಳುವ ಸೋಜಿಗ ಬೆಳಿಗ್ಗೆ ಬೇಗ ಹೋದವರಿಗೆ ಮಾತ್ರ. ಹೊತ್ತೇರಿದ ಮೇಲೆ ಶಾಲಾ ಮಕ್ಕಳ ಕೂಗಾಟವೇ ಕೇಳುವುದು. ಮೇಲೆ ಹತ್ತಲಾಗದವರನ್ನು ಇಬ್ರಾಹಿಂ ರೋಜಾಕ್ಕೆ ಕರೆದೊಯ್ಯಿರಿ. ಕೆತ್ತನೆಯ ಕೆಲಸ ಅಲ್ಲಿಯೇ ಹೆಚ್ಚು ನಯ.

ಇನ್ನು ಮನೆಯ ವ್ಯವಸ್ಥೆ. ಎಷ್ಟೋ ಪ್ರವಾಸಗಳು ಮುರಿದುಬೀಳುವುದು ಹಣಕ್ಕಲ್ಲ, ಹಟ್ಟಿಯ ಹಸುವಿಗೆ. ಅಣ್ಣತಮ್ಮಂದಿರಾಗಲಿ ನೆರೆಯವರಾಗಲಿ ಇಬ್ಬರು ಮಾತನಾಡಿಕೊಂಡು, ಈ ವರ್ಷ ಒಬ್ಬರು ಮುಂದಿನ ವರ್ಷ ಇನ್ನೊಬ್ಬರು ಎಂದು ಗೊತ್ತುಮಾಡಿಕೊಂಡರೆ ಹಾಲು ಕರೆಯುವ ಚಿಂತೆ ತಪ್ಪುತ್ತದೆ. ವಾರದ ಬಟವಾಡೆಯನ್ನು ಹೊರಡುವ ಮುನ್ನವೇ ಮುಗಿಸಿ. ಉಳಿದಿರುವ ಕಾಳುಮೆಣಸು, ಕಾಫಿ ಮೂಟೆಗಳನ್ನು ಮನೆಯಲ್ಲಿ ಬಿಟ್ಟು ಹೋಗದೆ ಗೋದಾಮಿಗೆ ಸೇರಿಸಿ ರಸೀತಿ ಪಡೆಯಿರಿ; ಒಡವೆ ಬ್ಯಾಂಕಿನ ಲಾಕರಿನಲ್ಲಿರಲಿ. ಹೊರಟ ಸುದ್ದಿಯನ್ನೂ ಚಿತ್ರಗಳನ್ನೂ ಫೋನಿನಲ್ಲಿ ಊರಿಗೆಲ್ಲ ಸಾರುವುದನ್ನು ಹಿಂದಿರುಗಿದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಎರಡು ದಿನದ ಮಾತ್ರೆ ಹೆಚ್ಚಾಗಿಯೇ ಒಯ್ಯಲಿ.

ಕೊನೆಗಾರರಿಗೆ ಬರಹೇಳುವಾಗ ನೀವು ಬಂದಿಳಿಯುವ ದಿನಕ್ಕೂ ಅವರ ಬರವಿಗೂ ನಡುವೆ ಎರಡು ದಿನ ಬಿಟ್ಟಿರಿ. ಗಾಡಿ ತಡವಾಗಬಹುದು. ಘಾಟಿಯಲ್ಲಿ ಮಾರ್ಗ ನಿಂತಿದೆ ಎಂಬ ಸುದ್ದಿ ಬಂದರೆ ಹಾಸನದಲ್ಲೇ ಇಳಿದು ಬಸ್ಸು ಹಿಡಿಯುವುದು ಅನುಕೂಲ. ಸಕಲೇಶಪುರಕ್ಕೆ ಬಂದು ಕಾಯುವುದಕ್ಕಿಂತ ಅಲ್ಲಿ ಬಸ್ಸಿನ ಸೌಕರ್ಯ ಹೆಚ್ಚು.